ಕಾಲ್ಚೆಂಡಾಟದ ಸಸಿಮಡಿ

ಅಡಿಕೆ ಸಸಿ ನೆಟ್ಟ ನಾವು ಮರುವರ್ಷವೇ ಕೊನೆ ಇಳಿಸುವುದಿಲ್ಲ. ನೀರು, ಗೊಬ್ಬರ, ನೆರಳು ಒದಗಿಸಿ ಐದಾರು ವರ್ಷ ಕಾಯುತ್ತೇವೆ. ಆಟಗಾರರನ್ನು ಬೆಳೆಸುವುದೂ ಇಂಥದೇ ಬೇಸಾಯ. ಇದಕ್ಕೆ ಇಂಗ್ಲೆಂಡಿನ ಎಕ್ಸೆಟರ್ ಸಿಟಿ ಫುಟ್‌ಬಾಲ್ ಕ್ಲಬ್ಬು ಒಳ್ಳೆಯ ಉದಾಹರಣೆ.

2003ರಲ್ಲಿ ಈ ಕ್ಲಬ್ಬು ಸಾಲದಲ್ಲಿ ಮುಳುಗಿತ್ತು. ಲೀಗ್ ಪಂದ್ಯಾವಳಿಯಿಂದಲೂ ಹೊರಬಿದ್ದಿತ್ತು. ಆಗ ಊರಿನ ಅಭಿಮಾನಿಗಳೇ ಟ್ರಸ್ಟಿನ ಮೂಲಕ ಅದನ್ನು ವಹಿಸಿಕೊಂಡರು. ನಮ್ಮ ಸಂಘದಂತೆ ಅಲ್ಲಿಯೂ ಒಬ್ಬ ಸದಸ್ಯರಿಗೆ ಒಂದೇ ಮತ. ಸಣ್ಣ ಚಂದಾಗಳಿಂದ ನಡೆಯುವ ಟ್ರಸ್ಟಿಗೆ ಹೆಸರಾಂತ ಆಟಗಾರರನ್ನು ಕೊಳ್ಳುವ ಶಕ್ತಿ ಎಲ್ಲಿಯದು? ಆದುದರಿಂದ ಸುತ್ತಲಿನ ಮಕ್ಕಳ ತರಬೇತಿಯನ್ನೇ ಅವರು ನೆಚ್ಚಿಕೊಂಡರು. 2008ರಲ್ಲಿ ಕ್ಲಬ್ಬು ಲೀಗಿಗೆ ಮರಳಿತು.

ಓಲಿ ವಾಟ್ಕಿನ್ಸ್ ಬಾಲ್ಯದಲ್ಲೇ ಈ ತರಬೇತಿಗೆ ಸೇರಿದವರು. 2017ರಲ್ಲಿ ಅವರನ್ನು ಬ್ರೆಂಟ್‌ಫರ್ಡ್ ಕ್ಲಬ್ಬಿಗೆ ಬಿಟ್ಟುಕೊಡುವಾಗ, ಮುಂದೆ ಮಾರಿದರೆ ಲಾಭದಲ್ಲಿ ತನಗೂ ಪಾಲು ಬರಬೇಕೆಂದು ಎಕ್ಸೆಟರ್ ಕರಾರು ಮಾಡಿಕೊಂಡಿತು. 2020ರಲ್ಲಿ ಆಸ್ಟನ್ ವಿಲ್ಲಾ ಕ್ಲಬ್ಬು ಅವರನ್ನು ಕೊಂಡಾಗ ಆ ಪಾಲು ಕೈಸೇರಿತು. 2024ರ ಯೂರೋಪ್ ಕಪ್ ಸೆಮಿಫೈನಲಿನಲ್ಲಿ ಇಂಗ್ಲೆಂಡನ್ನು ಗೆಲ್ಲಿಸಿದ ಗೋಲು ಇದೇ ವಾಟ್ಕಿನ್ಸರದು.

ಫಸಲನ್ನು ಚೇಣಿಗೆ ಕೊಟ್ಟ ಮೇಲೆ ಧಾರಣೆ ಏರಿದರೆ ಬೆಳೆಗಾರನಿಗೆ ದಕ್ಕುವುದೇನು? ಆ ಸಂಕಟವನ್ನು ನಾವು ಬಲ್ಲೆವು. ಎಕ್ಸೆಟರಿನವರು ಅದಕ್ಕೆ ಮೊದಲೇ ದಾರಿ ಕಂಡುಕೊಂಡರು.

ಮಡಿಯ ಸಸಿಗಳೆಲ್ಲ ಮರವಾಗುವುದಿಲ್ಲ. ತರಬೇತಿಗೆ ಬಂದ ಮಕ್ಕಳಲ್ಲಿ ಹೆಚ್ಚಿನವರು ಆಟವನ್ನೇ ವೃತ್ತಿಯಾಗಿ ಹಿಡಿಯಲಾರರು. ಹಾಗೆಂದು ಮಡಿ ಮಾಡುವುದನ್ನು ಬಿಡಲಾದೀತೆ? ಒಬ್ಬರಿಂದ ಆಗದ ಈ ಕಾಯುವಿಕೆ ಹತ್ತು ಜನ ಸೇರಿದರೆ ಆಗುತ್ತದೆ. ಸಹಕಾರವೆಂದರೆ ಇದೇ.