ಅಲ್ಲಿ ಸೋತವನು ಇಲ್ಲಿ ಗೆದ್ದ

ನಮ್ಮ ವಿಜಯಪುರದ ಕಡೆ ಚಹಾ ಇಲ್ಲದೆ ದಿನ ಶುರುವಾಗುವುದಿಲ್ಲ. ತಿಕೋಟಾದಿಂದ ಬೀಗರು ಬರಲಿ, ಬಬಲೇಶ್ವರದಿಂದ ತವರಿನವರು ಬರಲಿ, ಮೊದಲು ಚಹಾ, ಆಮೇಲೆ ಮಾತು. ಇಂಥ ಚಹಾವನ್ನು ಒಂದು ದೇಶದ ಹೆಂಗಸರು ಹಟ ಹಿಡಿದು ಬಿಟ್ಟಿದ್ದರು ಅಂದರೆ ನಂಬುತ್ತೀರಾ, ಸೋದರಿಯರೇ?

ಆ ದೇಶ ಅಮೆರಿಕ. ಆಗ ಅಲ್ಲಿನ 13 ವಸಾಹತುಗಳು ಇಂಗ್ಲೆಂಡಿನ ರಾಜನ ಅಧೀನದಲ್ಲಿದ್ದವು. ಪಾರ್ಲಿಮೆಂಟಿನಲ್ಲಿ ಅವರ ಪ್ರತಿನಿಧಿ ಒಬ್ಬನೂ ಇಲ್ಲ, ತೆರಿಗೆ ಮಾತ್ರ ಕಟ್ಟಬೇಕು! 1773ರ ಡಿಸೆಂಬರ್ 16ರ ರಾತ್ರಿ ಸಿಟ್ಟಿಗೆದ್ದ ಜನ ಬೋಸ್ಟನ್ ಬಂದರಿನಲ್ಲಿ 342 ಪೆಟ್ಟಿಗೆ ಚಹಾವನ್ನು ನೀರಿಗೆ ಸುರಿದರು. ಆ ಚಹಾ ಯಾರದು ಗೊತ್ತೇ? ನಮ್ಮನ್ನು ಆಳಿದ ಅದೇ ಈಸ್ಟ್ ಇಂಡಿಯಾ ಕಂಪನಿಯದು. ಮರುವರ್ಷ ಈಡೆಂಟನ್ ಎಂಬ ಊರಿನ 51 ಹೆಂಗಸರು ಬಹಿಷ್ಕಾರಕ್ಕೆ ಸಹಿ ಹಾಕಿದರು. ಎಷ್ಟೋ ಮನೆಗಳಲ್ಲಿ ಚಹಾದ ಬದಲು ಸೊಪ್ಪಿನ ಕಷಾಯ ಕುದಿಯಿತು, ರಾಟಿ ತಿರುಗಿತು, ಮನೆಯಲ್ಲಿ ನೂತ ನೂಲಿನ ಬಟ್ಟೆ ಮೈಮೇಲೆ ಬಂತು.

1775ರ ಏಪ್ರಿಲ್‌ನಲ್ಲಿ ಜನರು ಕೂಡಿಟ್ಟಿದ್ದ ಮದ್ದುಗುಂಡು ಕಸಿಯಲು ಬ್ರಿಟಿಷ್ ಸಿಪಾಯಿಗಳು ಹೊರಟಾಗ ಯುದ್ಧ ಹತ್ತಿಕೊಂಡಿತು. 1776ರ ಜುಲೈ 4ರಂದು ಸ್ವಾತಂತ್ರ್ಯ ಸಾರಿದರು. ಸಾರಿದ ಮಾತ್ರಕ್ಕೆ ಸಿಗುತ್ತದೆಯೇ? ಸೇನಾಪತಿ ವಾಷಿಂಗ್ಟನ್ ನ್ಯೂಯಾರ್ಕನ್ನು ಕಳೆದುಕೊಂಡರು. 1777-78ರ ಚಳಿಗಾಲದಲ್ಲಿ ವ್ಯಾಲಿ ಫೋರ್ಜ್ ಶಿಬಿರದಲ್ಲಿ ಸುಮಾರು 2,000 ಸೈನಿಕರು ಕಾಯಿಲೆಯಿಂದಲೇ ಸತ್ತರು. ಆದರೂ ದಂಡು ಚದುರಲಿಲ್ಲ. 1778ರಲ್ಲಿ ಫ್ರಾನ್ಸ್ ಕೈಜೋಡಿಸಿತು. 1781ರಲ್ಲಿ ಯಾರ್ಕ್‌ಟೌನ್ ಎಂಬಲ್ಲಿ ನೆಲದ ಮೇಲೆ ವಾಷಿಂಗ್ಟನ್ ಮತ್ತು ಫ್ರೆಂಚರ ದಂಡು, ನೀರಿನ ಮೇಲೆ ಫ್ರೆಂಚ್ ಹಡಗುಗಳು. ನಡುವೆ ಸಿಕ್ಕಿಬಿದ್ದ ಬ್ರಿಟಿಷ್ ಜನರಲ್ ಕಾರ್ನ್‌ವಾಲಿಸ್ ಅಕ್ಟೋಬರ್ 19ರಂದು 7,000ಕ್ಕೂ ಹೆಚ್ಚು ಸೈನಿಕರ ಸಮೇತ ಶರಣಾದ. 1783ರಲ್ಲಿ ಇಂಗ್ಲೆಂಡ್ ಅವರ ಸ್ವಾತಂತ್ರ್ಯ ಒಪ್ಪಿಕೊಂಡಿತು.

ಅದೇ ಹೊತ್ತಿಗೆ ನಮ್ಮ ಮೈಸೂರಿನ ಹೈದರಾಲಿಯೂ ಕಂಪನಿಯೊಡನೆ ಕಾದುತ್ತಿದ್ದ. ಅವನ ಕೀರ್ತಿ ಕಡಲಾಚೆಗೂ ಮುಟ್ಟಿತ್ತು. 1782ರಲ್ಲಿ ಬ್ರಿಟಿಷರ ‘ಜನರಲ್ ಮಂಕ್’ ಹಡಗನ್ನು ಸೆರೆಹಿಡಿದ ಪೆನ್ಸಿಲ್ವೇನಿಯಾದವರ ಹಡಗಿನ ಹೆಸರೇ ‘ಹೈದರ್ ಅಲಿ’!

ಮುಂದೇನಾಯಿತು ನೋಡಿ. ಅಲ್ಲಿ ಸೋತ ಅದೇ ಕಾರ್ನ್‌ವಾಲಿಸ್ 1786ರಲ್ಲಿ ಗವರ್ನರ್ ಜನರಲ್ ಆಗಿ ಇಲ್ಲಿಗೆ ಬಂದ. ಹೈದರನ ಮಗ ಟಿಪ್ಪುವಿನ ಮೇಲೆ ಅವನು ದಂಡೆತ್ತಿ ಹೋದಾಗ ನಿಜಾಮ, ಪೇಶ್ವೆ ಇಬ್ಬರೂ ಅವನ ಜೊತೆ. ಅವರಿಗೂ ಟಿಪ್ಪುವಿನ ಮೇಲೆ ಹಳೆಯ ಸಿಟ್ಟಿತ್ತು ಅನ್ನಿ. ನಮ್ಮ ವಿಜಯಪುರ ಆಗ ಪೇಶ್ವೆಯ ಸೀಮೆ. ಟಿಪ್ಪುವಿನ ಕೈಲಿದ್ದ ಧಾರವಾಡದ ಕೋಟೆಗೆ ಮುತ್ತಿಗೆ ಹಾಕಿದವನು ಪೇಶ್ವೆಯ ಸರದಾರ ಪರಶುರಾಮ ಭಾವು. 1792ರಲ್ಲಿ ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಟ್ಟ, 3 ಕೋಟಿ 30 ಲಕ್ಷ ರೂಪಾಯಿ ದಂಡಕ್ಕೆ ಒಪ್ಪಿದ, ಎಳೆಯ ಮಕ್ಕಳಿಬ್ಬರನ್ನು ಒತ್ತೆ ಕಳಿಸಿದ. ಮಕ್ಕಳನ್ನು ಕಳಿಸಿದ ಮನೆ ಆ ದಿನ ಹೇಗಿದ್ದೀತು, ನಾವೇ ಊಹಿಸಬಹುದು.

ಹೋಗಲಿ, ಕಂಪನಿಗೆ ನೆರವಾದವರಾದರೂ ಉಳಿದರೇ? ಇಪ್ಪತ್ತಾರೇ ವರ್ಷದಲ್ಲಿ, 1818ಕ್ಕೆ, ಪೇಶ್ವೆಯ ಆಳ್ವಿಕೆಯನ್ನೂ ಕಂಪನಿ ಮುಗಿಸಿತು. ನಮ್ಮ ಸೀಮೆ ಸಾತಾರಾ ರಾಜರ ಕೈಗೆ ಹೋಗಿ, 1848ರಲ್ಲಿ ಕಂಪನಿಯ ಪಾಲಾಯಿತು.

ಅಮೆರಿಕದಲ್ಲೂ ಎಲ್ಲರೂ ಒಂದೇ ಮನಸ್ಸಿನವರಲ್ಲ; ರಾಜನ ಪರ ನಿಂತವರೂ ಬೇಕಾದಷ್ಟಿದ್ದರು. ಆದರೆ 13 ವಸಾಹತುಗಳ ಪ್ರತಿನಿಧಿಗಳು ಒಂದೇ ಸಭೆಯಲ್ಲಿ ಕೂತರು, ಒಂದೇ ದಂಡು ಕಟ್ಟಿದರು. ನಾವು ಓಣಿಯ ಜಗಳಕ್ಕೆ ಹೊರಗಿನವನನ್ನು ಕರೆದೆವು. ಕೊನೆಗೆ ಓಣಿಯೇ ಅವನದಾಯಿತು. ಮಕ್ಕಳಿಗೆ ಇತಿಹಾಸ ಹೇಳಿಕೊಡುವಾಗ 1781, 1792 ಈ ಎರಡು ಇಸವಿಗಳನ್ನು ಜೋಡಿಸಿ ಹೇಳಿಕೊಡಿ. ಪಾಠ ಚೆನ್ನಾಗಿ ನೆನಪಿನಲ್ಲಿ ಉಳಿಯುತ್ತದೆ.