ವಾಮಹಸ್ತವೂ ಆಯುಃಪ್ರಮಾಣವೂ: ಒಂದು ಅನುಮಾನದ ಪರೀಕ್ಷೆ

ಸಂಸ್ಕೃತದ ವಾಮಶಬ್ದಕ್ಕೆ ಎಡ, ಚೆಲುವು, ವಕ್ರ ಎಂಬ ಮೂರು ಅರ್ಥಗಳೂ ಉಂಟು. ಎಡಗೈಯಿಂದಲೂ ಬಾಣಪ್ರಯೋಗಮಾಡಬಲ್ಲ ಅರ್ಜುನನಿಗೆ ಸವ್ಯಸಾಚಿಯೆಂಬ ಹೆಸರೇ ಬಿರುದಾಯಿತು. ಲೋಕವ್ಯವಹಾರದಲ್ಲಾದರೋ ಎಡಗೈಯ ಪಾಲಿಗೆ ಬಂದುದು ಬಹುಮಟ್ಟಿಗೆ ವಕ್ರಾರ್ಥವೇ. ಈ ಅನಾದರಕ್ಕೆ ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ವಿಜ್ಞಾನದ ಆಧಾರವೂ ದೊರೆತಂತೆ ತೋರಿತು. ಎಡಗೈಯವರು ಅಲ್ಪಾಯುಗಳೆಂಬ ಮಾತು ಹರಡಿತು. ಆ ಮಾತು ಹೇಗೆ ಹುಟ್ಟಿತು, ಹೇಗೆ ಬಿದ್ದಿತು ಎಂಬುದು ತರ್ಕಾಭ್ಯಾಸಿಗಳಿಗೂ ಉಪಾಧ್ಯಾಯರಿಗೂ ವಿಚಾರಾರ್ಹವಾದುದು.

೧೯೯೧ರಲ್ಲಿ ಸ್ಟ್ಯಾನ್ಲಿ ಕೋರೆನ್, ಡಯೇನ್ ಹಾಲ್ಪರ್ನ್ ಎಂಬ ಮನಶ್ಶಾಸ್ತ್ರಜ್ಞರು ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯದಲ್ಲಿ ಮೃತರಾದ ಸುಮಾರು ಸಾವಿರ ಮಂದಿಯ ವಿಚಾರವನ್ನು ಪ್ರಕಟಿಸಿದರು. ಮರಣಪತ್ರಗಳಿಂದ ಹೆಸರುಗಳನ್ನು ತೆಗೆದುಕೊಂಡು, ಮೃತರು ಯಾವ ಕೈಯನ್ನು ಬಳಸುತ್ತಿದ್ದರೆಂದು ಬಂಧುಗಳಿಗೆ ಪತ್ರ ಬರೆದು ಕೇಳಿದ್ದರು. ಬಲಗೈಯವರ ಮರಣವಯಸ್ಸು ಸರಾಸರಿ ೭೫ ವರ್ಷ, ಉಳಿದವರದು ೬೬. ಬಲಗೈಗೆಂದೇ ರಚಿತವಾದ ಯಂತ್ರೋಪಕರಣಗಳಿಂದಾಗುವ ಅಪಘಾತಗಳು, ಜನನಕಾಲದ ಪೀಡೆಗಳು ಮುಂತಾದುವನ್ನು ಅವರು ಈ ಒಂಬತ್ತು ವರ್ಷಗಳ ಅಂತರಕ್ಕೆ ಕಾರಣವಾಗಿ ಸೂಚಿಸಿದರು.

ಇಲ್ಲಿ ಎಣಿಕೆಯು ತಪ್ಪಲ್ಲ. ಅದರಿಂದ ತೆಗೆದ ನಿಗಮನವು ದುಷ್ಟವಾದುದು. ಬೆಂಕಿಯಿದ್ದಲ್ಲೆಲ್ಲ ಹೊಗೆಯುಂಟೆಂದು ಅನುಮಾನಿಸಲಾಗದು. ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಹೊಗೆಗೆ ಹಸಿಯ ಸೌದೆಯ ಸಂಯೋಗವೂ ಬೇಕು. ಹೀಗೆ ಸಾಧ್ಯವನ್ನು ವ್ಯಾಪಿಸಿಯೂ ಹೇತುವನ್ನು ವ್ಯಾಪಿಸದಿರುವುದನ್ನು ನೈಯಾಯಿಕರು ಉಪಾಧಿಯೆನ್ನುವರು. ಪ್ರಕೃತದಲ್ಲಿ ಹೇತು ಎಡಗೈ; ಸಾಧ್ಯ ಕಿರಿಯ ವಯಸ್ಸಿನ ಮರಣ; ಉಪಾಧಿ ಈಚಿನ ಜನನ.

ಅದು ಹೇಗೆಂದರೆ: ೧೯೯೦ರ ಸುಮಾರಿನಲ್ಲಿ ಸತ್ತವರನ್ನೇ ತೆಗೆದುಕೊಂಡರೆ, ೮೫ನೆಯ ವಯಸ್ಸಿನಲ್ಲಿ ಸತ್ತವನು ೧೯೦೫ರ ಸುಮಾರಿನಲ್ಲಿಯೂ ೪೦ನೆಯದರಲ್ಲಿ ಸತ್ತವನು ೧೯೫೦ರ ಸುಮಾರಿನಲ್ಲಿಯೂ ಹುಟ್ಟಿರಲೇಬೇಕು. ಅಂತಹ ಗುಂಪಿನಲ್ಲಿ ಕಿರಿಯ ವಯಸ್ಸಿನಲ್ಲಿ ಸತ್ತವರೆಲ್ಲರೂ ಈಚೆಗೆ ಹುಟ್ಟಿದವರೇ, ಎಡಗೈಯವರೆಲ್ಲರೂ ಹಾಗಲ್ಲ. ಶತಮಾನದ ಆದಿಯಲ್ಲಿ ಹುಟ್ಟಿದ ಮಕ್ಕಳ ಎಡಗೈಯಿಂದ ಲೇಖನಿಯನ್ನು ಕಿತ್ತು ಬಲಗೈಗೆ ಕೊಡುವುದು ಪಾಠಶಾಲೆಗಳ ವಾಡಿಕೆಯಾಗಿತ್ತು. ಕಾಲಕ್ರಮದಲ್ಲಿ ಈ ನಿರ್ಬಂಧವು ಸಡಿಲಿತು. ಆದುದರಿಂದ ವೃದ್ಧಮೃತರಲ್ಲಿ ಎಡಗೈಯವರು ವಿರಳರು, ತರುಣಮೃತರಲ್ಲಿ ಹೆಚ್ಚು. ಸರಾಸರಿಯು ತಗ್ಗಲು ಇಷ್ಟೇ ಸಾಕು. ಒಬ್ಬನ ಆಯುಸ್ಸೂ ಕುಗ್ಗಬೇಕಾದುದಿಲ್ಲ. ೧೯೮೬ರಲ್ಲಿ ಅಮೆರಿಕದ ಹತ್ತು ಲಕ್ಷಕ್ಕೂ ಮಿಕ್ಕ ಜನರಿಂದ ಸಂಗ್ರಹಿಸಿದ ವಿವರಗಳನ್ನು ೧೯೯೨ರಲ್ಲಿ ಗಿಲ್ಬರ್ಟ್, ವೈಸಾಕಿ ಎಂಬವರು ಪರಿಶೀಲಿಸಿದಾಗಲೂ ಎಡಗೈಬರಹವು ಕಿರಿಯರಲ್ಲಿ ಹೆಚ್ಚಾಗಿಯೂ ಹಿರಿಯರಲ್ಲಿ ಬಹಳ ಕಡಮೆಯಾಗಿಯೂ ಕಂಡುಬಂದಿತು.

ಇಲ್ಲೊಂದು ಶಂಕೆ: ಹಿರಿಯರಲ್ಲಿ ಎಡಗೈಯವರು ವಿರಳರಾಗಿರುವುದಕ್ಕೆ ಅವರು ಮೊದಲೇ ಸತ್ತುಹೋದುದೇ ಕಾರಣವೇಕಾಗಬಾರದು? ಸಮಾಧಾನವಿದು: ಹಾಗಿದ್ದಲ್ಲಿ ಸಮಾನವಯಸ್ಕರಾದ ಜೀವಂತರನ್ನು ಹಲವು ವರ್ಷ ಅನುಸರಿಸಿ ನೋಡಿದಾಗ ಎಡಗೈಯವರೇ ಹೆಚ್ಚಾಗಿ ಸಾಯಬೇಕು. ಈಸ್ಟ್ ಬಾಸ್ಟನ್ನಿನಲ್ಲಿ ಮೂರುಸಾವಿರಕ್ಕೂ ಮಿಕ್ಕ ವೃದ್ಧರನ್ನು ಆರು ವರ್ಷ ಹೀಗೆ ಅನುಸರಿಸಿದ ಪರಿಶೋಧನೆಯು ೧೯೯೩ರಲ್ಲಿ ಪ್ರಕಟವಾಯಿತು. ಎರಡು ವರ್ಗಗಳ ಮರಣಪ್ರಮಾಣದಲ್ಲಿ ಗಣನೀಯವಾದ ಭೇದವು ತೋರಲಿಲ್ಲ. ಉಪಾಧಿಯನ್ನು ಕಳೆದಮೇಲೆ ವ್ಯಾಪ್ತಿಯೂ ನಿಲ್ಲಲಿಲ್ಲ.

೨೦೨೦ರಲ್ಲಿ ಇಪ್ಪತ್ತುಲಕ್ಷಕ್ಕೂ ಹೆಚ್ಚು ಜನರ ವಿವರಗಳನ್ನು ಕ್ರೋಡೀಕರಿಸಿದ ಪರಿಶೋಧನೆಯಂತೆ ಎಡಗೈಯವರು ನೂರಕ್ಕೆ ಸುಮಾರು ೧೦.೬ ಮಂದಿ. ಹತ್ತು ಮಕ್ಕಳಿರುವ ತರಗತಿಯಲ್ಲಿ ಒಂದು ಮಗುವಿನ ಮಾತಿದು. ಹಿಂದೆ ಅಂತಹ ಮಗುವಿನ ಕೈಯನ್ನು ತಿದ್ದಹೊರಟ ನಿರ್ಬಂಧವೇ, ಅರವತ್ತೆಪ್ಪತ್ತು ವರ್ಷಗಳ ತರುವಾಯ, ಆ ಕೈಯವರು ಬಹುಕಾಲ ಬಾಳುವುದಿಲ್ಲವೆಂಬುದಕ್ಕೆ ಸಾಕ್ಷಿಯ ವೇಷದಲ್ಲಿ ಬಂದು ನಿಂತಿತು. ಸಂಖ್ಯೆಗಳ ಮುಂದೆ ತಲೆಬಾಗುವ ಮೊದಲು ಅವುಗಳ ಉಪಾಧಿಯನ್ನು ಹುಡುಕುವುದು ವಿದ್ವಾಂಸನಿಗೆ ಹೇಗೆ ಕರ್ತವ್ಯವೋ, ಮಗುವು ಹಿಡಿದ ಕೈಯಲ್ಲಿಯೇ ಬಳಪವನ್ನಿರಗೊಡುವುದು ಉಪಾಧ್ಯಾಯನಿಗೆ ಹಾಗೆಯೇ ಕರ್ತವ್ಯ.