ಬಿಸಿಲು ಕುಡಿಯುವ ಗೋಡೆ

ಲಡಾಖಿನ ಲೇಹ್‌ನಲ್ಲಿ ಜನವರಿಯ ರಾತ್ರಿ ಉಷ್ಣಾಂಶ ಮೈನಸ್ 20 ಡಿಗ್ರಿಗೂ ಇಳಿಯುತ್ತದೆ. ಇಡೀ ಮನೆ ಬೆಚ್ಚಗಿಡಲು ಸೌದೆ ಎಲ್ಲಿಂದ ತರುವುದು? ಮರವೆಂದರೆ ಹೆಚ್ಚಾಗಿ ನೀರಿನ ಪಸೆಯಿರುವಲ್ಲಿ ಬೆಳೆಯುವ ವಿಲ್ಲೋ, ಪಾಪ್ಲರ್. ಹಾಗಾಗಿ ಮನೆಮಂದಿಯೆಲ್ಲ ಅಡುಗೆಮನೆಯಲ್ಲೇ, ಸಗಣಿ ಬೆರಣಿಯ ಒಲೆ ಸುತ್ತ ಚಳಿಗಾಲ ದೂಡುವುದು ಅಲ್ಲಿನ ಹಳೇ ರೂಢಿ. ಬಿಸಿಲಿಗೆ ಮಾತ್ರ ಬರವಿಲ್ಲ, ವರ್ಷಕ್ಕೆ ಸುಮಾರು 300 ದಿನ ಸಿಗುತ್ತದೆ. ಅದನ್ನು ರಾತ್ರಿಗೆ ಉಳಿಸಿಕೊಳ್ಳುವ ಉಪಾಯ ಅಲ್ಲಿಗೆ ಬಂದದ್ದು ಬಹಳ ಸುತ್ತುಬಳಸಿ.

ಅಮೆರಿಕದ ಸೇಲಂ ಊರಿನ ಎಡ್ವರ್ಡ್ ಮೋರ್ಸ್ ಕಸುಬಿನಲ್ಲಿ ಪ್ರಾಣಿಶಾಸ್ತ್ರಜ್ಞ. ಗಾಜಿನ ಹಿಂದೆ ಕಪ್ಪು ಮೈಯಿಟ್ಟು ಬಿಸಿಯಾದ ಗಾಳಿಯನ್ನು ಕೋಣೆಗೆ ಹಾಯಿಸುವ ವ್ಯವಸ್ಥೆಗೆ 1881ರಲ್ಲಿ ಪೇಟೆಂಟ್ ಪಡೆದ. ಕಲ್ಲಿದ್ದಲ ಕಾಲದಲ್ಲಿ ಅದು ಯಾರಿಗೆ ಬೇಕಿತ್ತು? ಮತ್ತೆ ಜೀವ ಬಂದದ್ದು 1967ರಲ್ಲಿ, ಫ್ರಾನ್ಸ್‌ನ ಒಡೇಯೋದಲ್ಲಿ. ಅಲ್ಲಿ ಕನ್ನಡಿಗಳಿಂದ ಬಿಸಿಲು ಕೂಡಿಸಿ 3,000 ಡಿಗ್ರಿ ದಾಟುವ ಸೌರಕುಲುಮೆಯ ಹಿಂದಿದ್ದ ಫೆಲಿಕ್ಸ್ ಟ್ರೋಂಬ್, ವಾಸ್ತುಶಿಲ್ಪಿ ಜಾಕ್ ಮಿಶೆಲ್ ಜೊತೆ ಗಾಜಿನ ಹಿಂದೆ ಕಪ್ಪು ಗೋಡೆಯಿಟ್ಟ ಮನೆ ಕಟ್ಟಿಸಿದ. ಕುಲುಮೆಗಿಂತ ಹೆಚ್ಚು ಜನರ ಚಳಿ ಬಿಡಿಸಿದ್ದು ಈ ಗೋಡೆಯೇ. ಹೆಸರೂ ಟ್ರೋಂಬ್ ಗೋಡೆ ಎಂದೇ ಉಳಿಯಿತು.

ಲಡಾಖ್ ಹೊರಗಿನ ಪ್ರವಾಸಿಗರಿಗೆ ತೆರೆದದ್ದು 1974ರಲ್ಲಿ. ಮರುವರ್ಷ ಬಂದ ಸ್ವೀಡನ್ನಿನ ಹೆಲೆನಾ ನಾರ್ಬರ್ಗ್-ಹಾಡ್ಜ್ ಆರಂಭಿಸಿದ ಲಡಾಖ್ ಪ್ರಾಜೆಕ್ಟ್ ಎಪ್ಪತ್ತರ ದಶಕದ ಕೊನೆಗೆ ಈ ಗೋಡೆಯನ್ನು ಅಲ್ಲಿ ಕಟ್ಟಿ ತೋರಿಸಿತು. ನಿಜ ಹೇಳಬೇಕೆಂದರೆ ಮುಕ್ಕಾಲು ಕೆಲಸ ಲಡಾಖಿಗಳು ಮೊದಲೇ ಮಾಡಿಟ್ಟಿದ್ದರು: ದಪ್ಪನೆಯ ಹಸಿ ಇಟ್ಟಿಗೆ ಗೋಡೆ ಅವರಲ್ಲಿತ್ತು. ದಕ್ಷಿಣದ ಗೋಡೆಗೆ ಕಪ್ಪು ಬಳಿದು, ಒಂದು ಗೇಣಿನೊಳಗಿನ ಸಂದು ಬಿಟ್ಟು ಗಾಜು ಕೂರಿಸಿದರಾಯಿತು. ಹಗಲು ಕುಡಿದ ಬಿಸಿ ಗೋಡೆಯೊಳಗೆ ನಿಧಾನಕ್ಕೆ ಸಾಗಿ, ಎಷ್ಟೋ ಗಂಟೆಗಳ ಮೇಲೆ ಕೋಣೆ ಮುಟ್ಟುತ್ತದೆ. ಅಂದರೆ ಜನ ಮಲಗುವ ಹೊತ್ತಿಗೆ. ಗೋಡೆಯ ಮೇಲೂ ಕೆಳಗೂ ಗಾಳಿಕಿಂಡಿ ಬಿಟ್ಟರೆ ಹಗಲಲ್ಲೇ ಬೆಚ್ಚನೆ ಗಾಳಿ ಒಳಬರುತ್ತದೆ. ರಾತ್ರಿ ಕಿಂಡಿ ಮುಚ್ಚಲು ಮರೆತರೆ ಗಾಳಿಯ ಸುತ್ತು ತಿರುಗುಮುರುಗಾಗಿ ಕೋಣೆ ತಣ್ಣಗಾಗುತ್ತದೆ. ಬೇಸಿಗೆಯ ಚಿಂತೆಯಿಲ್ಲ, ಆಗ ಸೂರ್ಯ ನೆತ್ತಿಯ ಹತ್ತಿರ, ಗೋಡೆಗೆ ಬೀಳುವ ಬಿಸಿಲೇ ಕಡಿಮೆ.

ಹಾಗೆಂದು ಕೋಣೆ ಬೆಚ್ಚಗಿಡುವ ಬುಖಾರಿ ಒಲೆ ಮೂಲೆ ಸೇರಲಿಲ್ಲ. ಮೋಡ ಕವಿದ ದಿನ ಅದೇ ಗತಿ. ಉರುವಲು ಉಳಿಯುತ್ತದೆ, ಹೊಗೆ ತಗ್ಗುತ್ತದೆ, ಅಷ್ಟು ಸಾಕಲ್ಲ!

1988ರಲ್ಲಿ ಹುಟ್ಟಿದ, ಸೋನಂ ವಾಂಗ್ಚುಕ್ ಸಹಸ್ಥಾಪಕರಾಗಿರುವ ಸೆಕ್ಮೋಲ್ ಎಂಬ ಶಿಕ್ಷಣ ಸಂಸ್ಥೆ ಲೇಹ್ ಬಳಿಯ ಫೇ ಊರಿನ ತನ್ನ ಮಣ್ಣಿನ ಕಟ್ಟಡಗಳಲ್ಲಿ ವಿಷಯವನ್ನು ಇನ್ನಷ್ಟು ಸರಳ ಮಾಡಿತು: ದಕ್ಷಿಣಕ್ಕೆ ದೊಡ್ಡ ಕಿಟಕಿ, ಚಳಿಗಾಲದಲ್ಲಿ ಅದರ ಮುಂದೆ ಪ್ಲಾಸ್ಟಿಕ್ ಹಾಳೆಯ ಹಸಿರುಮನೆ. ಕೋಣೆಗೆ ಶಾಖ, ಅಡುಗೆಗೆ ಸೊಪ್ಪು. ಬೇಸಿಗೆ ಬಂತೆಂದರೆ ಹಾಳೆ ಬಿಚ್ಚಿ ಎತ್ತಿಡುತ್ತಾರೆ.